ಮಕ್ಕಳೂ ಉಪಕಾರಸ್ಮರಣೆಯೂ

ನಮ್ಮ ಸೋದರಿಯರಲ್ಲಿ ಅನೇಕರು ಮಕ್ಕಳಿಗೆ ಮಾತು ಬರುತ್ತಲೇ ‘ಥ್ಯಾಂಕ್ಸ್ ಹೇಳು’ ಎಂದು ಕಲಿಸುವರು. ಕೂಸು ಗಿಳಿಯಂತೆ ನುಡಿಯುವದು, ಕೇಳಿದವರು ನಗುವರು, ಅಲ್ಲಿಗೆ ಮುಗಿಯಿತು. ಇದರಲ್ಲಿ ಕೆಡುಕೇನೂ ಇಲ್ಲ. ಆದರೆ ಕೃತಜ್ಞತೆಯೆಂಬ ಶಬ್ದವನ್ನೇ ಬಿಡಿಸಿ ನೋಡಿರಿ: ಕೃತವನ್ನು, ಎಂದರೆ ಮಾಡಿದುದನ್ನು, ಬಲ್ಲವನು ಕೃತಜ್ಞನು. ತನಗಾಗಿ ಯಾರು ಏನು ಮಾಡಿದರೆಂಬುದನ್ನೇ ಅರಿಯದ ಮಗುವಿಗೆ ಆ ಗುಣವು ಬರುವದೆಲ್ಲಿಂದ? ಮೊದಲು ಅದನ್ನು ತಿಳಿಯಗೊಡಬೇಕು. ಅದಕ್ಕೆ ಉಪದೇಶಕ್ಕಿಂತ ಆಟ, ಕಥೆ, ಕೈಗೆಲಸಗಳೇ ಲೇಸೆಂಬುದು ಗಜೇಂದ್ರಗಡದ ಸಮೀಪದ ಪುರ್ತಗೇರಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋದಾಗಲೆಲ್ಲ ನನಗೆ ಮನದಟ್ಟಾಗಿದೆ.

ನಮ್ಮ ಕಡೆಯ ಕೌದಿಯನ್ನು ಹೊದ್ದವರೇ ಬಲ್ಲರು. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಒಂದರ ಮೇಲೊಂದಿಟ್ಟು ಸೂಜಿದಾರದಿಂದ ಹೊಲಿದ ಹೊದಿಕೆಯದು. ಮಲಗುವ ಹೊತ್ತಿಗೆ ಅಕ್ಕನ ಮೊಮ್ಮಕ್ಕಳದೊಂದು ಆಟವುಂಟು. ಒಬ್ಬರು ಕಣ್ಣು ಮುಚ್ಚಿಕೊಂಡು ಕೌದಿಯ ಮೇಲೆ ಬೆರಳಿಡಬೇಕು. ಬೆರಳು ಬಿದ್ದ ತುಂಡು ಯಾರ ಬಟ್ಟೆಯದು, ಅವರಿಂದ ತನಗಾದ ಉಪಕಾರವೇನು ಎಂಬುದನ್ನು ಹೇಳಬೇಕು. ಹೇಳಲಾರದವರು ಆ ರಾತ್ರಿ ಅಂಚಿನಲ್ಲಿ ಮಲಗುವದು! ಒಮ್ಮೆ ಕಿರಿಯ ಹುಡುಗಿಯ ಬೆರಳು ಹಸಿರು ತುಂಡೊಂದರ ಮೇಲೆ ಬಿದ್ದಿತು. ಅದು ಅವಳ ಮುತ್ತಜ್ಜಿಯ ಸೀರೆ, ಗಜೇಂದ್ರಗಡದ ಕೈಮಗ್ಗದಲ್ಲಿ ನೆಯ್ದುದು. ಮುತ್ತಜ್ಜಿಯನ್ನು ಅವಳು ಕಂಡವಳೇ ಅಲ್ಲ, ಹೇಳುವದೇನನ್ನು? ಅಕ್ಕನನ್ನು ಪೀಡಿಸಿ ಕೇಳಿದ ಮೇಲೆ, ಹಿತ್ತಲ ಬೇವಿನ ಗಿಡವನ್ನು ಆ ಮುದುಕಿಯೇ ನೀರು ಹೊತ್ತು ಹಾಕಿ ಬೆಳೆಯಿಸಿದ ಸಂಗತಿ ಹೊರಬಿದ್ದಿತು. ಪಂಚಮಿಗೆ ಮಕ್ಕಳು ಜೋಕಾಲಿ ಕಟ್ಟುವದು ಅದೇ ಬೇವಿಗೆ. ಆ ಹುಡುಗಿಯು ಈಗ ತಾನೂ ಕೌದಿಗೆ ಹೊಲಿಗೆ ಹಾಕುತ್ತಾಳೆ. ಒಂದು ಗೇಣು ಸಾಗುವಷ್ಟರಲ್ಲಿ ಎರಡು ಸಲ ಬೆರಳು ಚುಚ್ಚಿಕೊಂಡು, ಇಡಿಯ ಕೌದಿಯನ್ನು ಹೊಲಿದವರ ಬೆರಳಿನ ಗತಿಯೇನಾಗಿರಬೇಕೆಂದು ತಾನಾಗಿಯೇ ಕೇಳಿದಳು.

ಓದುವ ವಿಷಯದಲ್ಲಿ ನಾನು ಹೆಚ್ಚು ಹೇಳಬೇಕಾಗಿಲ್ಲ. ಪಂಚತಂತ್ರವನ್ನು ಸುಮಾರು 1031ರಲ್ಲಿ ಕನ್ನಡಕ್ಕೆ ತಂದ ದುರ್ಗಸಿಂಹನ ಸಯ್ಯಡಿಯು ರೋಣ ತಾಲೂಕಿನ ಸವಡಿಯೇ ಎಂದು ವಿದ್ವಾಂಸರು ಹೇಳುವರು. ಆದುದರಿಂದ ಆ ಕಥೆಗಳು ಈ ಸೀಮೆಯ ಮಕ್ಕಳಿಗೆ ಮನೆಯ ಆಸ್ತಿಯೇ ಸರಿ. ಪಂಚತಂತ್ರದ ಪರಂಪರೆಯಲ್ಲಿ ಒಂದು ಕಥೆಯುಂಟು: ಬಾವಿಯಲ್ಲಿ ಬಿದ್ದ ಹುಲಿ, ಮಂಗ, ಹಾವು ಮತ್ತು ಅಕ್ಕಸಾಲಿಗನನ್ನು ಬ್ರಾಹ್ಮಣನೊಬ್ಬನು ಮೇಲಕ್ಕೆತ್ತುವನು; ಮೃಗಗಳೆಲ್ಲ ಉಪಕಾರವನ್ನು ನೆನೆದು ತೀರಿಸಿದರೆ, ಮನುಷ್ಯನು ಮಾತ್ರ ಅವನನ್ನು ರಾಜಭಟರ ಕೈಗೆ ಒಪ್ಪಿಸುವನು. (ಕಥೆ ಹೇಳುವವರು ಕಸುಬಿನ ಮೇಲೆ ದೋಷ ಹೊರಿಸದಿದ್ದರೆ ಒಳಿತು, ನಾನಂತೂ ‘ಒಬ್ಬ ಮನುಷ್ಯ’ ಎಂದೇ ಓದುವೆನು.) ಓದಿ ಮುಗಿಯುತ್ತಲೇ ‘ಇದರ ನೀತಿಯೇನು?’ ಎಂದು ಗದರಿಸುವದು ಬೇಡ. ನಾನು ಸುಮ್ಮನಿದ್ದಾಗ ಅಕ್ಕನ ಹಿರಿಯ ಮೊಮ್ಮಗನು, “ಹಾವಿಗೆ ಕೈಯಿಲ್ಲ ಕಾಲಿಲ್ಲ, ನೆನಪರೆ ಇತ್ತು” ಎಂದನು. ನೂರು ನೀತಿಪಾಠಗಳಿಂದ ಇಷ್ಟು ಹೊರಡುತ್ತಿರಲಿಲ್ಲ.

ಈ ಹುಡುಗನದೇ ಇನ್ನೊಂದು ಮಾತನ್ನು ಹೇಳಲೆಂದು ಇಷ್ಟು ಬರೆದೆನು.

ಜ್ಯೇಷ್ಠಮಾಸದ ಹುಣ್ಣಿವೆಯಂದು, ಎಂದರೆ ಕಾರಹುಣ್ಣಿವೆಗೆ, ನಮ್ಮವರು ಎತ್ತುಗಳ ಮೈತೊಳೆದು ಬಣ್ಣ ಹಚ್ಚಿ ಮೆರೆಯಿಸುವರು. ಮುಂದೆ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮಣ್ಣಿನಿಂದ ಜೋಡೆತ್ತುಗಳನ್ನೂ ಗೋದಲಿಯನ್ನೂ ಮಾಡಿ ಪೂಜಿಸುವರು. ಕುಂಬಾರರು ಮಾಡಿದವುಗಳನ್ನು ಕೊಳ್ಳಬಹುದು. ಆದರೆ ಅಕ್ಕನು ಎರೆಮಣ್ಣನ್ನು ತರಿಸಿ, ಕಲಸಿ ಹದಮಾಡಿ ಮಕ್ಕಳ ಮುಂದಿಡುವಳು. ಕುಸುಬಿಯ ಕಾಳುಗಳೇ ಕಣ್ಣು. ಹುಡುಗರು ಮೊದಲು ಮಾಡಿದ್ದು ಎತ್ತೋ ಹಂದಿಯೋ ತಿಳಿಯುವದಿಲ್ಲ. ಎತ್ತಿಗೆ ಹಿಣಲೆಲ್ಲಿ, ನೊಗ ಕೂಡುವದೆಲ್ಲಿ ಎಂಬುದು ಕೈಗೆ ತಿಳಿಯುವತನಕ ಮಾಡುತ್ತ, ಕೆಡಿಸುತ್ತ ಇರುವರು.

ಅಕ್ಕನ ಮನೆಯ ಎತ್ತುಗಳು 2023ರ ಬರದಲ್ಲಿ ಮಾರಿಹೋದವು. ಮೇವಿರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಈಗ ಹೊಲಕ್ಕೆ ಬಾಡಿಗೆಯ ಟ್ರ್ಯಾಕ್ಟರು ಬರುವದು. 2025ರ ಅಮಾವಾಸ್ಯೆಯಂದು ಮಣ್ಣು ನಾದುತ್ತಿದ್ದ ಹುಡುಗನು ತಟ್ಟನೆ, “ಆಯೀ, ಖರೇ ಎತ್ತ ಮಾರಿ ಮಣ್ಣಿನ ಎತ್ತಿಗೆ ಯಾಕ ಪೂಜಾ ಮಾಡೂದು?” ಎಂದನು. ಪಡಸಾಲೆಯಲ್ಲಿದ್ದ ಅವನ ತಂದೆಯು ತಲೆ ತಗ್ಗಿಸಿದನು. ದೊಡ್ಡವರ ಬಾಯಿ ಕಟ್ಟುವ ಪ್ರಶ್ನೆಯಿದು. ಅನೇಕ ಮನೆಗಳಲ್ಲಿ ಇದಕ್ಕೆ ಉತ್ತರವು ಒಂದು ಏಟೇ ಆಗಬಹುದಿತ್ತು.

ಅಕ್ಕನು ಬೈಯಲಿಲ್ಲ, ಸಮರ್ಥನೆಯನ್ನೂ ಹೇಳಲಿಲ್ಲ. “ಎಡಗಡೆ ಎತ್ತಿನ ಹೆಸರೇನಿತ್ತು, ನೆನಪೈತೇನು?” ಎಂದು ಕೇಳಿದಳು. ಬಸ್ಯಾ. ಹನ್ನೊಂದು ವರ್ಷ ದುಡಿದುದು. ಈ ಹುಡುಗನು ಹುಟ್ಟುವ ರಾತ್ರಿ ಹಳ್ಳವು ತುಂಬಿ, ಬಂದ ಜೀಪು ಆಚೆಯ ದಂಡೆಯಲ್ಲಿಯೇ ನಿಂತಿತ್ತಂತೆ. ಅವನ ತಾಯಿಯನ್ನು ಬಂಡಿಯಲ್ಲಿ ಮಲಗಿಸಿ ನೀರಿಗೆ ಇಳಿಸಿದಾಗ ಬಲಗಡೆಯ ಎತ್ತು ಬೆದರಿ ಹಿಂಜರಿಯಿತು. ಬಸ್ಯಾ ಎದೆಮಟ್ಟದ ನೀರಿನಲ್ಲಿ ಅದನ್ನೂ ಎಳೆದುಕೊಂಡೇ ದಾಟಿತು. ದಂಡೆಯ ಕಲ್ಲಿಗೆ ಬಡಿದು ಅದರ ಕೋಡು ಸೊಟ್ಟಾದುದು ಅಂದೇ.

ಹುಡುಗನು ಏನೂ ಅನ್ನಲಿಲ್ಲ. ಮಾಡಿಟ್ಟ ಎತ್ತುಗಳಲ್ಲಿ ಒಂದನ್ನು ಕೈಗೆತ್ತಿಕೊಂಡು ಅದರ ಎಡಗೋಡನ್ನು ಮೆಲ್ಲಗೆ ಬಾಗಿಸಿದನು. ಅವನ ತಂದೆಯೂ ಎದ್ದು ಬಂದು, ಚಿಟಿಕೆ ಮಣ್ಣಿನಲ್ಲಿ ಕೊರಳಿಗೊಂದು ಗಂಟೆಯನ್ನು ಮಾಡಿಕೊಟ್ಟನು.

ಮರುದಿನ ಹುಡುಗರದು ಕುಂಟೆತ್ತಿನ ಸಂಭ್ರಮ. ಕಾಲು ಊನವಾದ ಮಣ್ಣಿನ ಎತ್ತೊಂದನ್ನು ಮಾಡಿ, ಹಲಗೆಯ ಮೇಲಿಟ್ಟುಕೊಂಡು, ಹಾಡುತ್ತ ಮನೆಮನೆಗೆ ಹೋಗಿ ಜೋಳವನ್ನು ಬೇಡುವರು. ಬಂದುದರಿಂದ ಕೂಡಿ ಊಟಮಾಡುವರು. ದುಡಿಯಲಾರದ ಎತ್ತಿಗೂ ಊರೆಲ್ಲ ಕಾಳು ಹಾಕಬೇಕೆಂಬುದನ್ನು ಆಟವಾಗಿ ಮಾಡಿಟ್ಟ ಹಿರಿಯರ ಜಾಣ್ಮೆಗೆ ನಾನು ಬೆರಗಾಗಿರುವೆನು. ಆ ವರ್ಷ ನಮ್ಮ ಹುಡುಗನ ಗುಂಪು ಬೇಡಿ ತಂದ ಜೋಳದಲ್ಲಿ ಒಂದು ಸೇರನ್ನು ತೆಗೆದಿರಿಸಿ, ಓಣಿಯ ಕೊನೆಯ ಮನೆಯಲ್ಲಿ ಇನ್ನೂ ಕಟ್ಟಿರುವ ಮುದಿ ಎತ್ತಿಗೆ ನುಚ್ಚು ಮಾಡಿಸಿ ತಿನ್ನಿಸಿತು. ಯಾರು ಹೇಳಿಕೊಟ್ಟರೆಂದು ಕೇಳಿದೆನು, ಯಾರೂ ಇಲ್ಲ.

ಪೂಜೆ ಮುಗಿದ ಮಣ್ಣೆತ್ತುಗಳನ್ನು ಅಕ್ಕನು ಮಾಳಿಗೆಯ ಮೇಲಿರಿಸಿದಳು. ಆರಿದ್ರಾ ಮಳೆ ಹನಿಯುತ್ತಲೇ ಅವು ಕರಗಿ ಮಣ್ಣಾದವು. ಸೊಟ್ಟಗೋಡಿನದು ಮಾತ್ರ ಅಲ್ಲಿರಲಿಲ್ಲ. ಹುಡುಗನು ಅದನ್ನು ಮೊದಲೇ ಇಳಿಸಿ ತಂದು, ಎರಡು ವರ್ಷದಿಂದ ಬರಿದಾಗಿದ್ದ ಗೋದಲಿಯಲ್ಲಿ ಒಂದು ಹಿಡಿ ಕಣಿಕೆಯ ಎದುರಿಗೆ ನಿಲ್ಲಿಸಿದ್ದನು.