ಸೇಂಟ್ ಆಂಡ್ರೂಸಿನ ಚೆಂಡಾಟವೂ ನಮ್ಮ ಮಿತ್ರರೂ

ಗಾಲ್ಫ್ ಎಂಬ ಆಟವು ನಮ್ಮ ವಾಚಕರಲ್ಲಿ ಬಹುಮಂದಿಗೆ ಅಪರಿಚಿತವೇ ಸರಿ. ಬೆಂಗಳೂರಿನಲ್ಲಿ 1876ರಿಂದಲೂ ಗಾಲ್ಫ್ ಕ್ಲಬ್ಬೊಂದಿರುವುದಾದರೂ ಅದರ ಬೇಲಿಯ ಹೊರಗೆ ಹಾದುಹೋದವರೇ ನಮ್ಮಲ್ಲಿ ಹೆಚ್ಚು. ನಾವು ದಂಪತಿಗಳೂ ಆ ಪಂಗಡದವರೇ. ಹೀಗಿರಲು, 2022ನೆಯ ಇಸವಿ ಜುಲೈ ಮಾಸದಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ ನಡೆದ 150ನೆಯ ಓಪನ್ ಪಂದ್ಯವನ್ನು ನೋಡುವ ಯೋಗವು ನಮಗೆ ಒದಗಿದುದು ಹಳೆಯ ಮಿತ್ರರ ದೆಸೆಯಿಂದ.

ಆ ಮಿತ್ರರು ಮೈಸೂರಿನವರು. ವೈದ್ಯರಾಗಿ ಡಂಡೀ ನಗರಕ್ಕೆ ಹೋಗಿ, ನಾಲ್ವತ್ತು ವರ್ಷ ಅಲ್ಲಿಯೇ ಇದ್ದು ನಿವೃತ್ತರಾದವರು. ಡಂಡೀಯಿಂದ ಟೇ ನದಿಯ ಸೇತುವೆಯನ್ನು ದಾಟಿದರೆ ಸೇಂಟ್ ಆಂಡ್ರೂಸ್ ದೂರವಲ್ಲ. ಕೆಲವು ವರ್ಷಗಳಿಂದ ಅವರಿಗೆ ಕಣ್ಣಿನ ನಡುಭಾಗದ ದೃಷ್ಟಿ ಅಳಿದಿತ್ತು. ಎದುರಿಗೆ ನಿಂತವರ ಮುಖ ಕಾಣದು, ಅಂಚಿನಲ್ಲಿ ಸುಳಿಯುವ ನೆರಳು ಮಾತ್ರ ಕಾಣುವುದು. ನಾವು ಹೊರಡುವುದಕ್ಕೆ ಮುಂಚೆಯೇ ಅವರ ಪತ್ನಿ, ನಾವು ಅಕ್ಕ ಎಂದು ಕರೆಯುವವರು, ದೂರವಾಣಿಯಲ್ಲಿ ಹೇಳಿದ್ದರು: “ಊರಿಗೆ ಹಿಂದಿರುಗೋಣವೆಂದರೆ ಇವರು ಒಪ್ಪುವುದಿಲ್ಲ. ಮಕ್ಕಳು ಲಂಡನ್ನಿನಲ್ಲಿದ್ದಾರೆ. ನನಗೂ ಎಪ್ಪತ್ತಾಯಿತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಬೀದಿಯ ಮೇಲೆ ಇವರ ಕೈಹಿಡಿದು ನಡೆಯುವಾಗ ಜೀವ ಬಾಯಿಗೆ ಬರುತ್ತದೆ. ನೀವಾದರೂ ಒಂದು ಮಾತು ಹೇಳಿ.”

ಆ ಪಂದ್ಯದ ಟಿಕೇಟಿಗಾಗಿ 13 ಲಕ್ಷಕ್ಕೂ ಮೇಲ್ಪಟ್ಟು ಅರ್ಜಿಗಳು ಬಂದಿದ್ದುವಂತೆ. ನಮ್ಮ ಮಿತ್ರರ ಅರ್ಜಿಗೆ ಚೀಟಿ ಎದ್ದಿತು. ಕಣ್ಣು ಕಾಣದವರಿಗೆ ಆಟ ನೋಡುವ ಹಂಬಲವೇಕೆಂದು ಅಕ್ಕ ಗೊಣಗಿದರೂ, ಶುಕ್ರವಾರ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಚಪಾತಿ ಪಲ್ಯಗಳನ್ನು ಕಟ್ಟಿದವರೂ ಅವರೇ.

ಈ ಮೈದಾನವನ್ನು ಯಾರೂ ಯೋಜನೆಮಾಡಿ ಕಟ್ಟಿದುದಲ್ಲ. ಸಮುದ್ರವು ಹಿಂದೆ ಸರಿದು ಬಿಟ್ಟುಹೋದ ಮರಳುದಿಣ್ಣೆಗಳ ಮೇಲೆ ಹುಲ್ಲು ಬೆಳೆದು, ಕುರಿಗಳು ಮೇಯ್ದು, ತಾನಾಗಿ ಆದ ಬಯಲು. ಇಲ್ಲಿ ಈ ಆಟದ ಹುಚ್ಚು ಎಷ್ಟು ಹಳೆಯದೆಂದರೆ, ಪ್ರಜೆಗಳು ಬಿಲ್ವಿದ್ಯೆಯ ಅಭ್ಯಾಸವನ್ನು ಮರೆತಾರೆಂದು ಸ್ಕಾಟ್ಲೆಂಡಿನ ಅರಸನು 1457ರಲ್ಲಿಯೇ ಇದನ್ನು ನಿಷೇಧಿಸಿದ್ದನು. ಹದಿನೆಂಟು ಕುಳಿಗಳಿಗೆ ಚೆಂಡನ್ನು ಕೋಲಿನಿಂದ ಹೊಡೆದು ಕೆಡಹಬೇಕು. ಯಾರ ಹೊಡೆತಗಳು ಕಡಮೆಯೋ ಅವರೇ ಗೆದ್ದವರು. ಇಲ್ಲಿ ಏಳು ವಿಶಾಲವಾದ ಹುಲ್ಲುಹಾಸುಗಳಲ್ಲಿ ಎರಡೆರಡು ಕುಳಿಗಳಿವೆ. ಜೊತೆಯಾದ ಕುಳಿಗಳ ಸಂಖ್ಯೆಯನ್ನು ಕೂಡಿದರೆ ಎಲ್ಲೆಡೆಯೂ 18 ಬರುವುದು: 2ಕ್ಕೆ 16, 5ಕ್ಕೆ 13, ಹೀಗೆ. ಮನೆಯಲ್ಲಿ ಲೆಕ್ಕಕ್ಕೆ ಹೆದರುವ ಮಕ್ಕಳಿದ್ದರೆ ತಾಯಂದಿರು ಇದನ್ನು ಹೇಳಿನೋಡಬಹುದು. ಭಾನುವಾರ ಸಾಮಾನ್ಯವಾಗಿ ಇಲ್ಲಿ ಆಟವಿಲ್ಲ. ಊರಿನವರು ನಾಯಿಗಳನ್ನೂ ಮಕ್ಕಳನ್ನೂ ಕರೆದುಕೊಂಡು ಅಡ್ಡಾಡುವರು. ಆದರೆ ಮೈದಾನದ ಅಂಚಿನಲ್ಲಿಯೇ ಇರುವ, 1754ರಲ್ಲಿ ಸ್ಥಾಪಿತವಾದ ಪ್ರಖ್ಯಾತ ಕ್ಲಬ್ಬು ಸ್ತ್ರೀಯರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲು ಒಪ್ಪಿದುದು 2014ರಲ್ಲಿ. ಅಕ್ಕ ಇದನ್ನು ಕೇಳಿ, “ಅಷ್ಟು ಬೇಗನೆಯೆ?” ಎಂದರು.

ಹದಿನೆಂಟನೆಯ ಕುಳಿಯ ಪಕ್ಕದ ಮೆಟ್ಟಿಲುಸಾಲಿನಲ್ಲಿ ಕುಳಿತೆವು. ನಾವು ಕಂಡುದನ್ನು ಹೇಳುವುದು, ಮಿತ್ರರು ಅದರ ಅರ್ಥವನ್ನು ಹೇಳುವುದು, ಹೀಗೆ ಹೊತ್ತು ಸಾಗಿತು. ಕೋಲು ಚೆಂಡಿಗೆ ತಗುಲಿದ ಸದ್ದಿನಿಂದಲೇ ಹೊಡೆತ ನೆಟ್ಟಗಿದೆಯೇ ಸೊಟ್ಟಗಿದೆಯೇ ಎಂದು ಅವರು ಹೇಳುತ್ತಿದ್ದರು. ಮುಂದಿನ ಸಾಲಿನ ಸ್ಕಾಟ್ ಮುದುಕರೊಬ್ಬರು ಹಿಂದಿರುಗಿ ನೋಡಿ, ಆಮೇಲೆ ತಾವೂ ಕಿವಿಗೊಟ್ಟರು.

ಮಧ್ಯಾಹ್ನದ ಮೇಲೆ ಟೈಗರ್ ವುಡ್ಸ್ ಬರುವ ಸುದ್ದಿ ಹಬ್ಬಿತು. 2000ದಲ್ಲಿಯೂ 2005ರಲ್ಲಿಯೂ ಇದೇ ನೆಲದಲ್ಲಿ ಗೆದ್ದವರು. 2021ರ ಕಾರಿನ ಅಪಘಾತದಲ್ಲಿ ಕಾಲು ನುಚ್ಚುನೂರಾದವರು. ಅಂದು ಅವರು ಸೋತಿದ್ದರು. ಮುಂದಿನ ಎರಡು ದಿನಗಳ ಆಟಕ್ಕೆ ಉಳಿಯುವಂತಿರಲಿಲ್ಲ. ಸ್ವಿಲ್ಕನ್ ಎಂಬ ಕಿರುಹಳ್ಳದ ಮೇಲೆ, ಹಿಂದೆ ಕುರುಬರು ಮಂದೆಯನ್ನು ದಾಟಿಸಲು ಕಟ್ಟಿದರೆಂಬ ಪುಟ್ಟ ಕಲ್ಲುಸೇತುವೆಯಿದೆ. ವುಡ್ಸರು ಅದನ್ನು ಹತ್ತಿದಾಗ ಜನವೆಲ್ಲ ಎದ್ದುನಿಂತಿತು.

“ಕುಂಟುತ್ತಿದ್ದಾನೆಯೆ?” ಎಂದು ಮಿತ್ರರು ಕೇಳಿದರು.

“ಕುಂಟುತ್ತಿದ್ದಾರೆ. ಟೋಪಿ ತೆಗೆದರು. ಚೀಲ ಹೊರುವವನು ಹಿಂದೆಯೇ ಉಳಿದನು.”

“ಸೇತುವೆಯ ಮೇಲೆ ನಿಂತನೆ?”

“ಇಲ್ಲ, ದಾಟಿಬಂದರು. ಕಣ್ಣೊರಸಿಕೊಳ್ಳುತ್ತಿದ್ದಾರೆ.”

ಮಿತ್ರರು ಕುಳಿತೇ ಇದ್ದರು. ಚಪ್ಪಾಳೆ ಅಡಗಿದ ಮೇಲೆ ನಾವು, ಅಕ್ಕ ಚಹಾ ತರಲು ಹೋಗಿದ್ದ ಸಮಯ ನೋಡಿ, ಮೈಸೂರಿನ ಮಾತನ್ನೆತ್ತಿದೆವು. ಅವರು ನಕ್ಕರು. “ಅವಳು ಹೇಳಿಸಿದ್ದಾಳೆಂದು ಗೊತ್ತು. ನೋಡಿರಪ್ಪ, ಡಂಡೀಯಲ್ಲಿ ನನ್ನ ಮನೆಯಿಂದ ಅಂಗಡಿಗೆ ಇನ್ನೂರ ಹದಿನಾರು ಹೆಜ್ಜೆ. ಮೈಸೂರಿನ ಬೀದಿಯಲ್ಲಿ ನಾನು ಯಾವುದನ್ನು ಎಣಿಸಲಿ? ಇಲ್ಲಿ ನಾನು ಕಣ್ಣಿಲ್ಲದ ವೈದ್ಯ. ಅಲ್ಲಿ ಬರಿಯ ಕುರುಡ.” ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: “ಚಳಿಗಾಲದಲ್ಲಿ ಅವಳಿಗೆ ಅಷ್ಟು ಭಯವೇ? ನನ್ನೊಡನೆ ಹೇಳಲಿಲ್ಲವಲ್ಲ.”

ನಾವು ಕೇಳಿದುದನ್ನು ಕೇಳಿದಂತೆಯೇ ಹೇಳಿದೆವು. ಅವರು ಮತ್ತೆ ಮಾತನಾಡಲಿಲ್ಲ. ಅಕ್ಕ ಚಹಾ ತಂದಾಗ ಮಾತ್ರ ಎಂದಿಲ್ಲದಂತೆ ತಾವೇ ಕೈಚಾಚಿ ಅವರ ತೋಳನ್ನು ಹುಡುಕಿ ಹಿಡಿದುಕೊಂಡರು.

ಭಾನುವಾರದ ಕೊನೆಯ ಆಟವನ್ನು ಮನೆಯಲ್ಲಿ ಟೆಲಿವಿಷನ್ನಿನಲ್ಲಿ ನೋಡಿದೆವು. ಐರ್ಲೆಂಡಿನ ಮ್ಯಾಕಿಲ್‌ರಾಯ್ ಗೆಲ್ಲುವರೆಂದು ಊರೆಲ್ಲ ನಂಬಿತ್ತು. ಆಸ್ಟ್ರೇಲಿಯದ ಕ್ಯಾಮರಾನ್ ಸ್ಮಿತ್ ಹತ್ತನೆಯ ಕುಳಿಯಿಂದ ಹದಿನಾಲ್ಕನೆಯದರ ವರೆಗೆ ಸಾಲಾಗಿ ಒಂದೊಂದು ಹೊಡೆತವನ್ನು ಉಳಿಸಿ, ಅಂದು 64 ಹೊಡೆತಗಳಲ್ಲಿ ಮುಗಿಸಿ ಗೆದ್ದರು. ಹದಿನೇಳನೆಯ ಕುಳಿಯ ಮುಂದಿರುವ ಆಳವಾದ ಮರಳುಗುಂಡಿಯನ್ನು ಅವರು ಬಳಸಿಹೋದ ರೀತಿಯನ್ನು ಅಕ್ಕ ವರ್ಣಿಸಿದರು. ಗಾಲ್ಫಿನ ಒಂದು ಪದವನ್ನೂ ಅರಿಯದ ಅವರು, ರಂಗೋಲಿಯ ಎಳೆಯು ಚುಕ್ಕಿಯನ್ನು ಸುತ್ತಿಬಂದಂತೆ ಚೆಂಡು ಸುತ್ತಿಬಂದಿತೆಂದರು. ಮಿತ್ರರಿಗೆ ಅದು ಥಟ್ಟನೆ ಕಂಡಿತು.

ಡಿಸೆಂಬರಿನಲ್ಲಿ ದಂಪತಿಗಳು ಮೈಸೂರಿಗೆ ಬಂದು ಮೂರು ತಿಂಗಳಿದ್ದರು. ಮೊದಲ ವಾರ ಮಿತ್ರರು ಅಂಗಳ ಬಿಟ್ಟು ಕದಲಲಿಲ್ಲ. ಎರಡನೆಯ ತಿಂಗಳಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹೆಜ್ಜೆ ಎಣಿಸತೊಡಗಿದರು. ಎಣಿಕೆ ದಿನಕ್ಕೊಂದು ಬಗೆ ಬರುತ್ತದೆಂದು ಸಿಡುಕುತ್ತಲೂ ಇದ್ದರು. ಮಾರ್ಚಿನಲ್ಲಿ ಹಿಂದಿರುಗುವಾಗ ಅಕ್ಕ ತಮ್ಮ ನಾಲ್ಕು ನೂಲಿನ ಸೀರೆಗಳನ್ನೂ ಮಿತ್ರರ ಚಪ್ಪಲಿಯನ್ನೂ ನಮ್ಮ ಬೀರುವಿನಲ್ಲಿಯೇ ಇಟ್ಟುಹೋದರು.