ಉತ್ತರಕುಮಾರನ ಪರವಾಗಿ

ಈ ದಿನ ಬೆಳಗ್ಗೆ ಕಾಫಿಯ ವೇಳೆಗೆ ಬಂದಿದ್ದ ಬಂಧುವೊಬ್ಬರು, ಆರು ವರ್ಷದ ನನ್ನ ಮೊಮ್ಮಗನು ರಾತ್ರಿ ಹೆದರಿ ನನ್ನ ಹಾಸಿಗೆಗೆ ಬಂದು ಮಲಗಿದ ಸಂಗತಿಯನ್ನು ಕೇಳಿ, "ಏನೋ ಉತ್ತರಕುಮಾರ, ನಿನ್ನ ಪೌರುಷವೆಲ್ಲ ಒಲೆಯ ಮುಂದೆಯೋ?" ಎಂದರು. ಎಲ್ಲರೂ ನಕ್ಕರು. ಹುಡುಗನು ತುಟಿಗೆ ಸೇರಿಸಿದ್ದ ಹಾಲಿನ ಲೋಟವನ್ನು ಕೆಳಗಿಟ್ಟು, ಕೆನೆಯನ್ನು ಬೆರಳಿನಿಂದ ಅಂಚಿಗೆ ಸರಿಸುತ್ತ ತಲೆತಗ್ಗಿಸಿ ಕುಳಿತನು. ಅದನ್ನು ಕಂಡಾಗಿನಿಂದ ನನ್ನ ಮನಸ್ಸಿಗೆ ಸಮಾಧಾನವಿಲ್ಲ.

ಮಕ್ಕಳ ರಾತ್ರಿಯ ಭಯಕ್ಕೆ ಮಾಡಬೇಕಾದುದೇನೆಂಬುದು ತಾಯಂದಿರಿಗೆ ತಿಳಿಯದ್ದಲ್ಲ: ಹೊತ್ತಿಗೆ ಸರಿಯಾಗಿ ಮಲಗಿಸುವುದು, ಮಂದವಾದ ದೀಪವೊಂದನ್ನಿರಿಸುವುದು, ಗುಮ್ಮನ ಹೆಸರು ಹೇಳಿ ಉಣಿಸದಿರುವುದು. ರಾತ್ರಿಯ ಮೊದಲ ಭಾಗದಲ್ಲಿ ಕಣ್ಣು ತೆರೆದು ಚೀರಿಯೂ ಯಾರನ್ನೂ ಗುರುತಿಸದ ಮಗು ವಸ್ತುತಃ ಎಚ್ಚರಗೊಂಡಿರುವುದಿಲ್ಲ. ಅಲುಗಾಡಿಸಿ ಎಬ್ಬಿಸದೆ, ಬೀಳದಂತೆ ಪಕ್ಕದಲ್ಲಿದ್ದರೆ ಸಾಕು. ಬೆಳಗಿನ ಜಾವದ ದುಃಸ್ವಪ್ನ ಬೇರೆ. ಅದು ನೆನಪಿನಲ್ಲುಳಿದು ಸಾಂತ್ವನವನ್ನು ಬೇಡುತ್ತದೆ. ಇದಿರಲಿ, ನಾನು ಹೇಳಬೇಕಾದದ್ದು ಉತ್ತರಕುಮಾರನ ವಿಷಯ.

ಗಮಕವಾಚನದಲ್ಲಾಗಲಿ ಬಯಲಾಟದಲ್ಲಾಗಲಿ ಮಹಾಭಾರತದ ಆ ರಾಜಪುತ್ರನ ಹೆಸರು ಬಂದೊಡನೆ ನಮ್ಮ ಸಭೆ ನಗಲು ಸಿದ್ಧವಾಗುತ್ತದೆ. ಗೋವುಗಳನ್ನು ಬಿಡಿಸಲು ಹೋಗಿ, ಶತ್ರುಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಅವನು ಓಡಿದ್ದು ನಿಜ. ಆದರೆ ವೇಷ ಮರೆಸಿಕೊಂಡು ಸಾರಥಿಯಾಗಿದ್ದು ಅವನನ್ನು ಅಟ್ಟಿ ಹಿಡಿದ ಅರ್ಜುನನು, ಅವನನ್ನು ಶ್ಮಶಾನದ ಸಮೀಪದ ಶಮೀವೃಕ್ಷದ ಬುಡಕ್ಕೆ ಕರೆದೊಯ್ದು, ಹೆಣ ತೂಗುತ್ತಿದೆಯೆಂದು ಜನರು ಸುಳಿಯದಿದ್ದ ಆ ಮರವನ್ನು ಅವನಿಂದಲೇ ಹತ್ತಿಸಿ, ಅಲ್ಲಿ ಬಚ್ಚಿಟ್ಟಿದ್ದ ಪಾಂಡವರ ಆಯುಧಗಳ ಗಂಟನ್ನು ಅವನ ಕೈಯಿಂದಲೇ ಬಿಚ್ಚಿಸಿದನು. ಥಳಥಳಿಸುವ ಬಿಲ್ಲುಗಳು ಸರ್ಪಗಳಂತೆ ಕಂಡು ರೋಮಾಂಚಿತನಾದ ಬಾಲಕನು ಒಂದೊಂದನ್ನೂ ತೋರಿಸಿ ಇದು ಯಾರದು, ಇದು ಯಾರದು ಎಂದು ಕೇಳಿದನು. ಒಂದೊಂದಕ್ಕೂ ಉತ್ತರ ದೊರೆಯಿತು. ತಾನೇ ಅರ್ಜುನನೆಂದು ಸಾರಥಿ ಹೇಳಿದ ಮೇಲೂ ನಂಬಿಕೆ ಹುಟ್ಟದೆ ಅರ್ಜುನನ ಹತ್ತು ಹೆಸರುಗಳನ್ನು ಹೇಳೆಂದಾಗ, ಅರ್ಜುನನು ಅವನ್ನು ಹೇಳಿದ್ದಲ್ಲದೆ ಅವುಗಳ ಅರ್ಥವನ್ನೂ ಬಿಡಿಸಿ ತಿಳಿಸಿದನು. ಅತ್ತ ಗೋವುಗಳು ಸಾಗಿಹೋಗುತ್ತಿವೆ, ಭೀಷ್ಮದ್ರೋಣರ ಸೇನೆ ನಿಂತಿದೆ. ಆದರೂ ಹೆದರಿದವನ ಪ್ರಶ್ನೆಗಳಿಗೆ ಆ ವೀರನಲ್ಲಿ ವ್ಯವಧಾನವಿತ್ತು.

ಗುಡುಗಿದಾಗ ನಮ್ಮಜ್ಜಿ ನಮ್ಮನ್ನು ಸೆರಗಿನೊಳಗೆ ಸೇರಿಸಿಕೊಂಡು ಹೇಳಿಸುತ್ತಿದ್ದುದು ಆ ಹತ್ತು ಹೆಸರುಗಳನ್ನೇ. ಅವುಗಳ ಅರ್ಥವನ್ನು ಕೇಳಿಕೊಂಡವನೂ ಹೆದರಿದ ಹುಡುಗನೇ ಎಂಬುದು ನನಗೆ ಹೊಳೆದದ್ದು ನಿನ್ನೆ ರಾತ್ರಿ.

"ತಾತ, ಮೂಲೇಲಿ ಯಾರೋ ನಿಂತಿದಾರೆ" ಎಂದು ಮೊಮ್ಮಗನು ಬಂದಾಗ ಟಾರ್ಚನ್ನು ಅವನ ಕೈಗೇ ಕೊಟ್ಟೆನು. ಬೆಳಕು ಗೋಡೆಯ ಮೇಲೆ ನಡುಗುತ್ತ ಹೋಗಿ ಗೂಟದಲ್ಲಿದ್ದ ನನ್ನ ಕೋಟಿನ ಮೇಲೆ ನಿಂತಿತು. ಅದರ ಕೆಳಗೆ ಒಂದು ಕಪ್ಪು ಕೊಡೆ.

"ಇದು ಯಾರ ಕೊಡೆ?"

"ನಿಮ್ಮಜ್ಜೀದು, ಮಗು."

ಅವನು ಬಟ್ಟೆಯನ್ನು ಮುಟ್ಟಿ ನೋಡಿ, ಕಡ್ಡಿಗಳನ್ನು ಎಂಟರವರೆಗೆ ಎಣಿಸಿ, ಬಂದು ನನ್ನ ಪಕ್ಕದಲ್ಲಿ ಮಲಗಿದನು. ಹೆಸರುಗಳನ್ನು ಹೇಳಿಸತೊಡಗಿದೆ. ಬೀಭತ್ಸು ಎಂದರೇನೆಂದು ಕೇಳಿದ. ಯುದ್ಧದಲ್ಲಿಯೂ ಹೇಯವಾದುದನ್ನು ಮಾಡದವನೆಂದೆ. ಮುಂದಿನ ಹೆಸರಿಗೆ ಉತ್ತರ ಬರಲಿಲ್ಲ, ನಿದ್ದೆ ಬಂದಿತ್ತು.

ಆ ಕೊಡೆಯನ್ನು ಬಿಚ್ಚದೆ ನಾಲ್ಕು ಮಳೆಗಾಲಗಳಾದುವು. ಮಡಿಕೆಯಲ್ಲಿ ಬಟ್ಟೆ ಸವೆದಿದೆಯೋ ಏನೋ. ಇವತ್ತು ಅವನ ಕೈಯಿಂದಲೇ ಬಿಚ್ಚಿಸಿ ಅಂಗಳದ ಬಿಸಿಲಿಗಿಡಬೇಕು.