ಬೆಂಕಿ ಹತ್ತುವುದೇ, ಹತ್ತದೇ?

ಪೆಟ್ರೋಲ್ ಟ್ಯಾಂಕರಿನ ಹಿಂಬದಿಯಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುವುದನ್ನು ನೀವು ನೋಡಿರುತ್ತೀರಿ. ಹಾಗೆಂದರೇನು ಎಂದು ಒಂಬತ್ತನೆಯ ತರಗತಿಯಲ್ಲಿ ಕೇಳಿದೆ. ‘ಬೆಂಕಿ ಹತ್ತುವುದೇ ಇಲ್ಲ ಸಾರ್’ ಎಂದಳೊಬ್ಬ ಹುಡುಗಿ. ಯಾರೂ ನಗಲಿಲ್ಲ, ಅರ್ಧ ತರಗತಿ ಹೌದೆಂದು ತಲೆಯಾಡಿಸಿತು. ಅವಳ ತರ್ಕವನ್ನು ತಳ್ಳಿಹಾಕುವಂತಿಲ್ಲ. ‘ವಿಸಿಬಲ್’ ಎಂದರೆ ಕಾಣುವಂಥದ್ದು, ‘ಇನ್‌ವಿಸಿಬಲ್’ ಎಂದರೆ ಕಾಣದ್ದು. ‘ಕರೆಕ್ಟ್’, ‘ಇನ್‌ಕರೆಕ್ಟ್’ ಕೂಡ ಹಾಗೆಯೇ. ಇಂಗ್ಲಿಷ್ ಮೇಷ್ಟರು ಕಲಿಸಿದ್ದೂ ಇದನ್ನೇ ಅಲ್ಲವೆ?

ಆದರೆ ಇಲ್ಲಿನ ‘ಇನ್’ ನಮ್ಮ ‘ಅನ್ಯಾಯ’ದ ‘ಅ’ದಂತೆ ನಿಷೇಧ ಹೇಳುವುದಿಲ್ಲ. ‘ಹೊತ್ತಿಸು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದ ‘ಇನ್‌ಫ್ಲಮಾರೆ’ಯಿಂದ ಬಂದ ಪದವಿದು. ಗಾಯ ಕೆಂಪಗೆ ಊದಿ ಉರಿಯುವಾಗ ಡಾಕ್ಟರು ಹೇಳುವ ‘ಇನ್‌ಫ್ಲಮೇಷನ್’ ಇದರ ದಾಯಾದಿ. ಹೀಗಾಗಿ ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡಕ್ಕೂ ಅರ್ಥ ಒಂದೇ: ಸುಲಭವಾಗಿ ಬೆಂಕಿ ಹತ್ತುವಂಥದ್ದು. ಹತ್ತದಿರುವುದು ‘ನಾನ್‌ಫ್ಲೇಮಬಲ್’. ಈ ಗೊಂದಲದಿಂದ ಜೀವಕ್ಕೇ ಕುತ್ತು ಬಂದೀತೆಂದು ಅಮೆರಿಕದ ಅಗ್ನಿ ಸುರಕ್ಷತಾ ತಜ್ಞರು 1920ರ ದಶಕದಲ್ಲೇ ‘ಫ್ಲೇಮಬಲ್’ ಬಳಸಿರೆಂದು ಒತ್ತಾಯಿಸಿದರು. ನಮ್ಮ ರಸ್ತೆಗಳಲ್ಲಿ ಹಳೆಯ ಪದವೇ ಇನ್ನೂ ಓಡಾಡುತ್ತಿದೆ.

ಪೆಟ್ರೋಲು ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೂ ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅದನ್ನು ಮನೆಯಲ್ಲಿಡಬಾರದೆಂದು ಎಲ್ಲರಿಗೂ ಗೊತ್ತು. ಪೇಂಟಿನ ಥಿನ್ನರ್, ಸೆಂಟು, ಸೊಳ್ಳೆಗೆ ಹೊಡೆಯುವ ಸ್ಪ್ರೇ? 2020ರಲ್ಲಿ ಮನೆಮನೆ ಹೊಕ್ಕ ಸ್ಯಾನಿಟೈಸರಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಆಲ್ಕೋಹಾಲೇ. ತಾಯಂದಿರೆ, ಮಕ್ಕಳನ್ನು ಕೂರಿಸಿಕೊಂಡು ಒಮ್ಮೆ ಈ ಬಾಟಲಿಗಳ ಲೇಬಲ್ ಓದಿಸಿ. ಜ್ವಾಲೆಯ ಚಿತ್ರವೋ ಈ ಪದವೋ ಕಂಡರೆ, ಗ್ಯಾಸ್ ಒಲೆಯ ಪಕ್ಕದ ಕಟ್ಟೆಯಿಂದ ಅದನ್ನು ಅಂದೇ ಎತ್ತಿಡಿ.